ತಾರಸಿಗೆ ಹೋದ ಸೋಫಾ

ಪುಟ್ಟಿ,

ನಾನು ಡ್ಯೂಟಿಗೆ ಹೊರಟೆ. ಊಟ ಒಲೆಯ ಮೇಲಿದೆ, ಬಿಸಿ ಮಾಡಿಕೊ.

ಮೊನ್ನೆ ಸೋಫಾ ತಾರಸಿಗೆ ಹೇಗೆ ಹೋಯಿತು ಅಂತ ಕೇಳಿದರೆ ನಿಮ್ಮಪ್ಪ, "ತಿಗಣೆ ಕಣೇ, ಬಿಸಿಲಿಗೆ ಹಾಕಿದೀನಿ" ಅಂದರು. ತಮ್ಮ ಒದ್ದೆ ಟವೆಲನ್ನೇ ಬಿಸಿಲಿಗೆ ಹಾಕದ ಮನುಷ್ಯ! ಈಗ ಮೊಣಕಾಲುದ್ದದ ಹಳೆ ಕೋಟು ತೊಟ್ಟು, ಕನ್ನಡಿ ಮುಂದೆ ಹುಬ್ಬು ಗಂಟಿಕ್ಕಿ ನಿಲ್ಲುತ್ತಾರೆ. ನಿಮ್ಮಿಬ್ಬರ ಗುಸುಗುಸು ನನಗೆ ಕೇಳಿಸುವುದಿಲ್ಲ ಅಂದುಕೊಂಡೆಯಾ?

ಈಗಷ್ಟೇ ಕ್ಯಾಮೆರಾ ಹಿಡಿದು ನಿನ್ನನ್ನು ಹುಡುಕಿಕೊಂಡು ಬಂದ ಗೆಳತಿಯನ್ನು ಬಾಗಿಲಲ್ಲೇ ತಡೆದು ಕೇಳಿದೆ. ಪಾಪ, ಬಾಯಿಬಿಟ್ಟಳು. "ಆಂಟಿ, ಕಾಲೇಜಿಗೆ ಮ್ಯೂಸಿಕ್ ವೀಡಿಯೊ ಮಾಡ್ತಿದೀವಿ. ತೊಂಬತ್ತರ ದಶಕದ ಬ್ರಿಟಿಷ್ ಪಾಪ್ ಹಾಡುಗಳ ಥರ, ಉದ್ದ ಕೋಟು, ಗಂಟುಮುಖ, ತಾರಸಿ ಮೇಲೆ ಸೋಫಾ. ಅಂಕಲ್ಲೇ ಹೀರೋ. ವೀಡಿಯೊದಲ್ಲಿ ಸೋಫಾ ನೋಡಿ ನೀವು ನಿಜವಾಗ್ಲೂ ಬೈಬೇಕಿತ್ತು, ಅದಕ್ಕೇ ಹೇಳ್ಲಿಲ್ಲ."

ಅಂದರೆ ಮೊನ್ನೆ ತಾರಸಿಯಲ್ಲಿ ನಿಮ್ಮಪ್ಪನಿಗೆ ಬೈಯುವಾಗ ನೀರಿನ ಟ್ಯಾಂಕಿನ ಹಿಂದೆ ಏನೋ ಮಿಂಚಿತಲ್ಲ, ಅದು ಕ್ಯಾಮೆರಾ! ನಾನು ಹರಿದ ನೈಟಿಯಲ್ಲಿ, ತಲೆಗೆ ಎಣ್ಣೆ ಮೆತ್ತಿಕೊಂಡು ಕೂಗಾಡಿದ್ದೆಲ್ಲ ಅದರಲ್ಲಿದೆ. ಮೊದಲು ಅದನ್ನು ಅಳಿಸು. ನಿನ್ನ ಮಾತು ನಂಬುವುದಿಲ್ಲ, ನನ್ನ ಕಣ್ಣೆದುರೇ ಅಳಿಸಬೇಕು.

ನಾಳೆ ಸಂಜೆ ಬೇಗ ಬರುತ್ತೇನೆ. ಒಳ್ಳೆ ಬಟ್ಟೆ ಹಾಕಿಕೊಂಡು, ತಲೆ ಬಾಚಿಕೊಂಡು, ಮೊನ್ನೆಗಿಂತ ಜೋರಾಗಿ ಬೈಯುತ್ತೇನೆ. ಕ್ಯಾಮೆರಾ ಸಿದ್ಧವಿರಲಿ. ನಿಮ್ಮಪ್ಪನಿಗೆ ಮಾತ್ರ ಹೇಳಬೇಡ. ಅವರು ನಿಜವಾಗಿಯೂ ಹೆದರಬೇಕು.

ಅಮ್ಮ