ಗಾಳಿ ಹೇಳುವ ಮಗು

ಗುರುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ, ನಾನೇ ಕೈಯಲ್ಲಿ ಹಿಡಿದು ತರುತ್ತಿದ್ದೇನೆ. ಸಂಜೆಯ ಬಸ್ಸಿಗೆ ಹೊರಡುತ್ತೇನೆ. ಬಾಗಿಲು ತೆಗೆದ ಕೂಡಲೇ ನೀನು ನೂರೆಂಟು ಕೇಳುತ್ತೀಯ, ನಾನು ಅಳುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿದುಬಿಡುತ್ತದೆ. ಅದಕ್ಕೇ ಬರೆದಿಟ್ಟಿದ್ದೇನೆ. ಮೊದಲು ಓದು, ಆಮೇಲೆ ಬೈಯಿ.

ಐದನೇ ತಿಂಗಳಲ್ಲೇ ಬಂದುಬಿಡು, ಬಸುರಿ ಹೆಂಗಸು ಆ ಹೊಗೆಯ ಊರಲ್ಲಿ ಕೂರಬಾರದು ಎಂದು ನೀನು ಬಡಕೊಂಡೆ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಏಳು ತುಂಬಿದೆ. ಇಲ್ಲಿನ ಸಂಗತಿಯನ್ನು ಫೋನಿನಲ್ಲಿ ಹೇಳಿದ್ದರೆ, ಇವಳಿಗೆ ತಲೆ ಕೆಟ್ಟಿದೆ ಎಂದು ನೀನು ಅನ್ನುತ್ತಿದ್ದೆ.

ನಮ್ಮ ಕಟ್ಟಡದ ಎದುರಿಗೇ ಕಾರ್ಖಾನೆಯ ಚಿಮಣಿ ಇದೆಯಲ್ಲ, ಗಾಳಿ ಆ ಕಡೆಯಿಂದ ಬೀಸಿದರೆ ತಾರಸಿಯ ಮೇಲೆ ಹರವಿದ ಬಟ್ಟೆಯೆಲ್ಲ ಮಸಿಯಾಗುತ್ತದೆ. ನದಿಯ ಕಡೆಯಿಂದ ಬೀಸಿದರೆ ತೊಂದರೆಯಿಲ್ಲ. ಅದು ಯಾವಾಗ ಎತ್ತ ತಿರುಗುತ್ತದೋ ಯಾರಿಗೂ ಗೊತ್ತಾಗದು. ನನ್ನ ಹೊಟ್ಟೆಯೊಳಗಿರುವುದಕ್ಕೆ ಮಾತ್ರ ಗೊತ್ತಾಗುತ್ತಿತ್ತು. ನದಿಯ ಗಾಳಿ ಬರುವ ಮುಂಚೆ ಕೈಕಾಲು ಆಡಿಸಿ ಕುಣಿಯುತ್ತಿತ್ತು. ಚಿಮಣಿಯ ಗಾಳಿಯಾದರೆ, ಹೊರಗೆ ಇನ್ನೂ ಬಿಸಿಲು ಹೊಳೆಯುತ್ತಿರುವಾಗಲೇ ಮುದುರಿಕೊಂಡು ಸುಮ್ಮನಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಕಿಟಕಿಯ ಅಂಚಿನ ಮೇಲೆ ಕಪ್ಪು ಪುಡಿ ಉದುರತೊಡಗುತ್ತಿತ್ತು.

ನೆಲಮಹಡಿಯಲ್ಲಿ ಆಸ್ಪತ್ರೆಯ ಹಾಸುಬಟ್ಟೆ ಒಗೆದುಕೊಡುವ ಒಬ್ಬಾಕೆ ಇದ್ದಾಳೆ. ಎಲ್ಲರೂ ಸಾಬೂನಜ್ಜಿ ಎನ್ನುತ್ತೇವೆ. ಇದನ್ನು ಮೊದಲು ಪತ್ತೆ ಹಚ್ಚಿದವಳು ಅವಳೇ. ಆಮೇಲೆ ದಿನಾ ಬೆಳಗ್ಗೆ ಬಂದು ನನ್ನ ಹೊಟ್ಟೆಯ ಮೇಲೆ ಒದ್ದೆ ಕೈ ಇಟ್ಟು, ಒಳಗಿನ ದೊರೆ ಏನಂತಾರಮ್ಮ, ಬಟ್ಟೆ ಹರವ್ಲೋ ಬೇಡ್ವೋ ಎಂದು ಕೇಳುವುದು ರೂಢಿಯಾಯಿತು. ಕಟ್ಟಡದ ಹೆಂಗಸರೆಲ್ಲ ಬಕೆಟ್ಟು ಹಿಡಿದು ನಮ್ಮ ಬಾಗಿಲಲ್ಲಿ ನಿಲ್ಲತೊಡಗಿದರು. ನನಗೂ ಒಳಗೊಳಗೇ ಜಂಬ. ಹುಟ್ಟುವ ಮುಂಚೆಯೇ ಕೆಲಸಕ್ಕೆ ಸೇರಿಕೊಂಡಿದೆ ನೋಡಿ ಎಂದು ನಗುತ್ತಿದ್ದೆ. ಅದರ ಮಾತು ಒಂದು ದಿನವೂ ಸುಳ್ಳಾಗಲಿಲ್ಲ.

ಮೂರನೇ ಮಹಡಿಯ ಇಸ್ತ್ರಿಯವಳು ಮಾತ್ರ ಎಂದೂ ಕೇಳಲು ಬರಲಿಲ್ಲ. ಅವಳು ವರ್ಷವಿಡೀ ಬಟ್ಟೆಯನ್ನು ಮನೆಯೊಳಗೇ ಒಣಗಿಸುತ್ತಾಳೆ. ಮೆಟ್ಟಿಲ ಮೇಲೆ ಸಿಕ್ಕರೆ ನನ್ನ ಮುಖವನ್ನಷ್ಟೇ ನೋಡುತ್ತಾಳೆ, ಹೊಟ್ಟೆಯ ಕಡೆ ಕಣ್ಣು ಹಾಯಿಸುವುದಿಲ್ಲ.

ಇವರ ವಿಷಯ ಕೇಳುತ್ತೀಯ. ನಿನ್ನ ಅಳಿಯ ಚೆನ್ನಾಗಿದ್ದಾರೆ. ಅದೇ ಕಾರ್ಖಾನೆ, ಅದೇ ಕುಲುಮೆಯ ಬೂದಿ ತೆಗೆಯುವ ಕೆಲಸ. ಪಾಳಿ ಮುಗಿಸಿ ಬಂದು ಕೈಕಾಲು ಉಜ್ಜಿ ಉಜ್ಜಿ ತೊಳೆದು, ಹೊಟ್ಟೆಯ ಹತ್ತಿರ ಬಾಯಿಟ್ಟು ಮಗುವಿನ ಜೊತೆ ಹರಟುತ್ತಾರೆ. ಪಾಪ, ಅವರ ಕೈಗೆ ಇನ್ನೂ ಒಂದು ಒದೆತವೂ ಸಿಕ್ಕಿಲ್ಲ. ಅಪ್ಪನ ಮುಂದೆ ಅದಕ್ಕೆ ನಾಚಿಕೆ ಎಂದು ನಾನೇ ಸಮಾಧಾನ ಹೇಳುತ್ತೇನೆ.

ಮೊನ್ನೆ ಸಂಜೆಯಿಂದ ಅದು ಅಲುಗಲಿಲ್ಲ. ರಾತ್ರಿ ಗಾಳಿ ತಿರುಗಿ ನದಿಯ ಕಡೆಯಿಂದ ಬೀಸಿತು, ಆಗಲೂ ಅಲುಗಲಿಲ್ಲ. ನಿನ್ನೆ ಬೆಳಗ್ಗೆ ಸಾಬೂನಜ್ಜಿ ಕೈ ಚಾಚಿದಾಗ ನಾನು ಹಿಂದೆ ಸರಿದು, ಈಗಷ್ಟೇ ಒದೆಯಿತು, ಹರವಿ ಹೋಗಿ ಎಂದುಬಿಟ್ಟೆ. ಬಾಯಿಬಿಟ್ಟು ಹೇಳಿದರೆ ನಿಜವಾಗಬಹುದು ಅನ್ನಿಸಿತು, ಅಷ್ಟೇ. ತಾರಸಿಯ ತುಂಬ ಬಿಳಿ ಹಾಸುಬಟ್ಟೆ ಏರಿದವು. ಮಧ್ಯಾಹ್ನದ ಹೊತ್ತಿಗೆ ಒಂದೂ ಬಿಳಿ ಉಳಿದಿರಲಿಲ್ಲ.

ಯಾರೂ ಜಗಳಕ್ಕೆ ಬರಲಿಲ್ಲ ಅಮ್ಮ. ಬಂದಿದ್ದರೆ ಚೆನ್ನಾಗಿತ್ತು. ತಮ್ಮ ತಮ್ಮ ಬಟ್ಟೆ ಎಳೆದುಕೊಂಡು, ಒಳಗೆ ಕಾಯಿಲೆಯವರು ಮಲಗಿದ್ದಾರೇನೋ ಎಂಬಂತೆ ನಮ್ಮ ಬಾಗಿಲ ಮುಂದೆ ಮೆಲ್ಲಗೆ ಹೆಜ್ಜೆಯಿಟ್ಟು ಇಳಿದುಹೋದರು. ಎಲ್ಲರಿಗೂ ಅರ್ಥವಾಗಿತ್ತು.

ಆಮೇಲೆ ಬಾಗಿಲು ತಟ್ಟಿದವಳು ಇಸ್ತ್ರಿಯವಳು. ಕೂತ್ಕೋ ಅಂದರೂ ಕೂರಲಿಲ್ಲ. ನಂದೂ ಗಾಳಿ ಹೇಳ್ತಿತ್ತು ಕಣೇ ಎಂದಳು. ಅದು ಸುಮ್ಮನಾದ ಮೇಲೆ, ಇನ್ನೊಂದಿನ ನೋಡೋಣ, ಇನ್ನೊಂದಿನ ನೋಡೋಣ ಅಂತ ನಾನು ಕೂತುಬಿಟ್ಟೆ, ನೀನು ಕೂರಬೇಡ ಎಂದಳು. ಚಪ್ಪಲಿಯನ್ನು ಅವಳೇ ನನ್ನ ಕಾಲಿನ ಹತ್ತಿರ ಇಟ್ಟು ಡಾಕ್ಟರ ಬಳಿ ಕರೆದುಕೊಂಡು ಹೋದಳು.

ಎದೆಬಡಿತ ಇದೆ ಅಮ್ಮ. ಮಂದವಾಗಿ, ಆದರೂ ಇದೆ. ತಿಂಗಳಿಗೆ ತಕ್ಕಷ್ಟು ಬೆಳೆದಿಲ್ಲವಂತೆ. ಡಾಕ್ಟರು ನಾನು ಸಿಗರೇಟು ಸೇದುತ್ತೇನಾ ಎಂದು ಕೇಳಿದರು. ನನಗೆ ನಗು ಬಂತು. ಅವರು ನಗಲಿಲ್ಲ. ಎದ್ದು ಪರದೆ ಸರಿಸಿ ಚಿಮಣಿಯ ಕಡೆ ನೋಡಿ, ಮತ್ತೆ ಪರದೆ ಎಳೆದರು. ಈ ಹೊಗೆಯ ಸಣ್ಣ ಪುಡಿ ಉಸಿರಿನಿಂದ ರಕ್ತಕ್ಕೆ ಸೇರಿ, ಮಗುವನ್ನು ಪೋಷಿಸುವ ಮಾಸಿನವರೆಗೂ ಹೋಗುತ್ತದಂತೆ. ತಡಮಾಡದೆ ಈ ಗಾಳಿಯಿಂದ ಆಚೆ ಹೋಗು ಎಂದು ನಿಮ್ಮೂರಿನ ದೊಡ್ಡ ಆಸ್ಪತ್ರೆಗೆ ಚೀಟಿ ಕೊಟ್ಟಿದ್ದಾರೆ. ನಾಳೆ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಬೇಕು. ನೀನು ಜೊತೆಗೆ ಬರಬೇಕು. ನನಗೆ ಭಯವಾಗುತ್ತಿದೆ.

ನಿನ್ನ ಮೊಂಡು ಮಗಳು

ಇನ್ನೊಂದು ಮಾತು: ಇದನ್ನು ಬಸ್ಸಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಅಂಕುಡೊಂಕಾದರೆ ಸಹಿಸಿಕೋ. ಅಪ್ಪನ ಮುಂದೆ ನಾಚಿಕೆ ಎಂದು ಬರೆದೆನಲ್ಲ, ಅದು ಸುಳ್ಳು. ಇವರು ಮೆಟ್ಟಿಲು ಹತ್ತುವ ಸದ್ದಿಗೇ ಮಗು ಮುದುರಿಕೊಳ್ಳುತ್ತಿತ್ತು, ಚಿಮಣಿಯ ಗಾಳಿಗೆ ಮುದುರುವ ಹಾಗೆಯೇ. ಅವರು ಎಷ್ಟು ಉಜ್ಜಿ ತೊಳೆದರೂ ಅಷ್ಟೇ. ನಾನು ಅವರಿಗೆ ಹೇಳಿಲ್ಲ, ನೀನೂ ಹೇಳಬೇಡ. ಬಸ್ಸು ಹೊರಡುವ ಹೊತ್ತಿಗೆ ಪಾಳಿಯಿಂದ ನೇರ ಓಡಿ ಬಂದರು, ತಲೆ ತುಂಬ ಬೂದಿ. ಮುಚ್ಚಿದ ಗಾಜಿನ ಹೊರಗೆ ನಿಂತು ಅಂಗೈ ಒತ್ತಿದರು. ಆಗ ಒದೆಯಿತಮ್ಮ, ಎಂದೂ ಒದೆಯದಷ್ಟು ಜೋರಾಗಿ. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು. ಕಿಟಕಿ ತೆಗಿ, ಒಂದೇ ಒಂದ್ಸಲ ಮುಟ್ತೀನಿ ಎಂದು ಅತ್ತುಕೊಂಡು ಸನ್ನೆ ಮಾಡಿದರು. ಸಿಕ್ಕಿಹಾಕಿಕೊಂಡಿದೆ, ಬರುತ್ತಿಲ್ಲ ಎಂದು ನಾನೂ ಸನ್ನೆ ಮಾಡಿದೆ. ಬಸ್ಸು ಹೊರಟಿತು. ಗಾಜಿನ ಮೇಲೆ ಅವರ ಐದು ಕಪ್ಪು ಬೆರಳು ನನ್ನ ಜೊತೆಗೇ ಬರುತ್ತಿವೆ, ಮಗು ಇನ್ನೂ ಆಡುತ್ತಲೇ ಇದೆ. ಕಿಟಕಿ ಏನೂ ಸಿಕ್ಕಿಹಾಕಿಕೊಂಡಿರಲಿಲ್ಲ ಅಮ್ಮ.