ತಮ್ಮ ಎದುರುಮನೆಗೆ ಬಂದ ಕಾರಣ

ಮಾರ್ಚ್ ೧೨, ಮಂಗಳವಾರ

ಅರ್ಧ ಆಯುಸ್ಸು ಕಳೆದ ಮಹಾನಗರವನ್ನು ಬಿಟ್ಟು ನನ್ನ ತಮ್ಮ ಈ ಮಹಾನಗರಕ್ಕೆ, ಅದೂ ನನ್ನ ಎದುರುಮನೆಗೇ, ಏಕೆ ಬಂದ? ಮೊನ್ನೆ ಇಲ್ಲಿಯ ಗಾಳಿ ಚೆನ್ನಾಗಿದೆ ಎಂದಿದ್ದ. ಇಂದು ಹೆಂಡತಿಯ ಮಂಡಿನೋವು ಎಂದ. ಗೈರುಹಾಜರಿಗೆ ಎರಡು ಕಾರಣ ಕೊಟ್ಟ ವಿದ್ಯಾರ್ಥಿಯನ್ನು ನಾನೆಂದೂ ನಂಬಿದವಳಲ್ಲ.

"ನಿಜ ಹೇಳೋ, ನನ್ನನ್ನ ಕಾಯೋಕೆ ಬಂದ್ಯಾ?"

"ಅಯ್ಯೋ ಅಕ್ಕ, ನಿನ್ನನ್ನ ಕಾಯೋ ಧೈರ್ಯ ಯಾರಿಗಿದೆ!" ಎಂದು ನಕ್ಕು, ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದ. ಗ್ಯಾಸ್ ಒಲೆಯ ಗುಂಡಿ ತಿರುಗಿಸಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಹಾಗಾದರೆ ಕಳೆದ ತಿಂಗಳು ಹಾಲಿನ ಪಾತ್ರೆ ಸೀದು ಕರಕಲಾದ ಸುದ್ದಿಯನ್ನು ಇವನ ಕಿವಿಗೆ ಯಾರೋ ಊದಿದ್ದಾರೆ. ಯಾರೆಂದು ನಾಳೆ ವಿಚಾರಿಸಲೇಬೇಕು.

ಅವನು ಹೋದ ಮೇಲೆ ನೋಡಿದೆ. ಒಲೆ ಆರಿತ್ತು. ಚಹಾ ಸೋಸಿದೊಡನೆ ನಾನೇ ಆರಿಸಿದ್ದೆ. ಆರಿಸಿದ್ದೆನಲ್ಲವೇ?