ಬರಿಗಾಲಿನ ರೂಲ್

...ಸಿಮೆಂಟ್ ಚೀಲ ಹೊತ್ತು ಬೆನ್ನು ಹೋಗೈತಿ ನಯಾಜ, ಅದರ ಮ್ಯಾಲ ಈ ಫುಟ್‌ಬಾಲ್ ಜಗಳ ಬ್ಯಾರೆ. ಇಲ್ಲಿ ಗೋವಾಕ್ಕ ದುಡಿಯಾಕ ಬಂದ ನಮ್ಮ ಹುಡುಗ್ರಿಗೆ ನಮ್ಮೂರ ಕುರ್ತಕೋಟಿ ರೂಲ್ ಬೇಕಂತ: ಬಾಲ್ ಯಾರ ಹತ್ರ ಐತಿ, ಅವನ ಮೊಣಕಾಲ ಕೆಳಗ ಒದಿಬೌದು. ಎರಿ ಹೊಲದಾಗ ಬರಿಗಾಲಾಗ ಆಡ್ತಿದ್ವಿ, ನಡೀತಿತ್ತು. ಇಲ್ಲಿ ಎಲ್ಲಾರ ಕಾಲಾಗೂ ಬೂಟ್ ಅದಾವ.

ಮೊಬೈಲಾಗ ಓದಿದ್ದು ಹೇಳಿದೆ: ಲಂಡನ್ನಾಗ ಫುಟ್‌ಬಾಲಿನ ಮೊದಲ ರೂಲ್ ಬರಿಯೂವಾಗನೂ ಇದ ಜಗಳ ಆಗಿತ್ತಂತ. ಒದಿಯೂದು ತಗದದ್ದಕ್ಕ ಒಂದು ಕ್ಲಬ್ಬಿನವ್ರು ಎದ್ದು ಹೋದ್ರಂತ.

ನಮ್ಮ ಟೀಮಿನ ಹೊನ್ನೇಶ ನಕ್ಕ. "ಒದಿಲಾರದ್ದು ಒಂದು ಆಟೇನ್ಲೇ? ಈ ರೂಲ್ ಮಾಡಿದವ ನೀನ ಅಲ್ಲೇನು?"

"ಹೌದು. ಈಗ ನಾನ ತಗೀತೀನಿ."

"ಹಂಗಾರ ನೀನೊಬ್ಬನ ಆಡಲೇ ಮಗನ!"

ಅರ್ಧ ಟೀಮ್ ಕರಕೊಂಡು ಹೋದ. ಐತವಾರ ಮ್ಯಾಚ್ ಐತಿ, ಮಂದಿ ಸಾಲಂಗಿಲ್ಲ.

ನಮ್ಮೂರಾಗ ಮೊದಲ ಬೂಟ್ ತಗೊಂಡವ ನಾನ. ಆಗೂ ರೂಲ್ ಹಂಗ ಇತ್ತು, ಆ ಬೂಟಿನಾಗ ಒದ್ದದ್ದು ನಿನ್ನ ಕಾಲಿಗೆ.

ಮುರದ ನಿನ್ನ ಕಾಲಾಗ ಹಾಕಿದ್ದ ರಾಡ್ ತಗದ್ರಂತ, ನಿಮ್ಮಕ್ಕ ನಜಮಾ ಹೇಳಿದ್ರು. ನೀ ನನ್ನ ನಂಬರ್ ಬ್ಲಾಕ್ ಮಾಡಿದಿ, ನಾನೂ ಈ ಮೆಸೇಜ್ ಕಳಸಂಗಿಲ್ಲ. ಆದ್ರೂ ಹೇಳ್ತೀನಿ, ಐತವಾರ ಸಂಜಿ ಏಳಕ್ಕ ಫೋನ್ ಮಾಡು.